ರೋಮ್‌ಗೆ ಹೊರಟಿದ್ದೀರಾ? ಮೊದಲು ಯಾವುದು, ಆಮೇಲೆ ಯಾವುದು: ಹಂತ ಹಂತದ ಮಾರ್ಗದರ್ಶಿ

ರೋಮ್ ನೋಡಿ ಬಂದ ನೆಂಟರು, ಗೆಳೆಯರು ಫೋನ್ ಮಾಡಿದಾಗ ಪದೇ ಪದೇ ಕೇಳಿಸುವ ಮಾತು ಒಂದೇ. "ಕೊಲೋಸಿಯಂ ಹೊರಗಿಂದಲೇ ನೋಡಿಕೊಂಡು ಬಂದ್ವಿ, ಒಳಗೆ ಹೋಗೋಕೆ ಟಿಕೆಟ್ ಸಿಗಲಿಲ್ಲ." ಇನ್ನೊಬ್ಬರದು, "ವ್ಯಾಟಿಕನ್‌ನಲ್ಲಿ ಎರಡು ಗಂಟೆ ನಿಂತ ಮೇಲೆ ಗೊತ್ತಾಯ್ತು, ನಾವು ನಿಂತಿದ್ದು ಬೇರೆ ಕ್ಯೂ ಅಂತ." ಲಕ್ಷಗಟ್ಟಲೆ ಖರ್ಚು ಮಾಡಿ, ರಜೆ ಹೊಂದಿಸಿ, ವಯಸ್ಸಾದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ ಹೀಗಾದರೆ ಎಷ್ಟು ಬೇಜಾರು, ಅಲ್ವಾ?

ಇವರು ಯಾರೂ ತಯಾರಿಯಿಲ್ಲದೆ ಹೋದವರಲ್ಲ. ತಯಾರಿಯ ಕ್ರಮ ತಪ್ಪಿತ್ತು. ವಿಮಾನ, ಹೋಟೆಲ್, ಬಟ್ಟೆಬರೆ ಎಲ್ಲ ಮುಗಿಸಿ, ಹೊರಡುವ ವಾರದಲ್ಲಿ ಟಿಕೆಟ್ ಹುಡುಕಲು ಕೂತರು. ರೋಮ್‌ನಲ್ಲಿ ಮೂರು ಜಾಗಗಳಿಗೆ ದಿನ, ಗಂಟೆ ಎರಡೂ ಗೊತ್ತು ಮಾಡಿದ ಟಿಕೆಟ್ ಬೇಕು: ಕೊಲೋಸಿಯಂ, ವ್ಯಾಟಿಕನ್ ಮ್ಯೂಸಿಯಂ, ಚಿತ್ರ-ಶಿಲ್ಪಗಳ ಬೊರ್ಗೇಸೆ ಗ್ಯಾಲರಿ. ಉಳಿದದ್ದನ್ನೆಲ್ಲ ಈ ಮೂರರ ಸುತ್ತ ಹೊಂದಿಸಿಕೊಳ್ಳಬೇಕು. ಕೆಳಗಿನದು ನಾಲ್ಕು ರಾತ್ರಿಯ ಲೆಕ್ಕ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## 1. ಕ್ಯಾಲೆಂಡರ್ ತೆಗೆದು ಹಿಂದಿನಿಂದ ಎಣಿಸಿ

ಮೊದಲು ತಿಂಗಳು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು. ಹಳೆಯ ರೋಮ್‌ನ ಅವಶೇಷಗಳ ನಡುವೆ ನೆರಳು ಬಹಳ ಕಡಿಮೆ. ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಊರಿನವರೇ ಅಂಗಡಿ, ಹೋಟೆಲ್ ಮುಚ್ಚಿ ರಜೆಗೆ ಹೋಗುತ್ತಾರೆ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯದು. ನಮ್ಮ ಮಕ್ಕಳ ಬೇಸಿಗೆ ರಜೆ, ದಸರಾ ರಜೆ ಎರಡೂ ಇದೇ ಹೊತ್ತಿಗೆ ಬರುವುದು ಅನುಕೂಲ. ಈಸ್ಟರ್ ವಾರ ಮಾತ್ರ ಬೇಡ, ಕಾಲಿಡಲು ಜಾಗ ಇರುವುದಿಲ್ಲ.

ಆಮೇಲೆ ವಾರ. ಬಹಳ ಜನ ನೋಡದೇ ಬಿಡುವುದು ಇದನ್ನೇ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಉಚಿತವಾಗಿ ತೆರೆದಿರುತ್ತದೆ, ಆದರೆ ಅವತ್ತಿನ ಕ್ಯೂ ನೋಡಿದರೆ ಭಯವಾಗುತ್ತದೆ. ಬೊರ್ಗೇಸೆಗೆ ಸೋಮವಾರ ರಜೆ. ಬುಧವಾರ ಬೆಳಿಗ್ಗೆ ವ್ಯಾಟಿಕನ್‌ನ ಸಂತ ಪೀಟರ್ ಚೌಕದಲ್ಲಿ ಸಾಮಾನ್ಯವಾಗಿ ಪೋಪ್ ದರ್ಶನ ಇರುತ್ತದೆ, ಅಷ್ಟು ಹೊತ್ತು ಅಲ್ಲಿನ ದೊಡ್ಡ ಚರ್ಚ್, ಅಂದರೆ ಬಸಿಲಿಕಾ ಒಳಗೆ ಬಿಡುವುದಿಲ್ಲ. ತಿಂಗಳ ಮೊದಲ ಭಾನುವಾರ ಕೊಲೋಸಿಯಂ ಉಚಿತ, ಅಂದರೆ ಊರಿಗೆ ಊರೇ ಅಲ್ಲಿರುತ್ತದೆ.

ಇದನ್ನೆಲ್ಲ ಕೂಡಿಸಿದರೆ ಒಂದು ಒಳ್ಳೆಯ ಲೆಕ್ಕ ಸಿಗುತ್ತದೆ. ಭಾನುವಾರ ಇಳಿಯಿರಿ. ಸೋಮವಾರ ಕೊಲೋಸಿಯಂ, ಮಂಗಳವಾರ ವ್ಯಾಟಿಕನ್, ಬುಧವಾರ ಬೊರ್ಗೇಸೆ. ಗುರುವಾರ ವಾಪಸ್.

ಈಗ ಹಿಂದಿನಿಂದ ಎಣಿಸಿ ಮೂರು ದಿನಾಂಕ ಗುರುತು ಮಾಡಿ. ವ್ಯಾಟಿಕನ್ ಟಿಕೆಟ್ ಸುಮಾರು 60 ದಿನ ಮುಂಚೆ ಮಾರಾಟಕ್ಕೆ ಬರುತ್ತದೆ. ಕೊಲೋಸಿಯಂ 30 ದಿನ ಮುಂಚೆ. ವೀಸಾ ಅರ್ಜಿ ಇವೆರಡಕ್ಕೂ ಮೊದಲು ಮುಗಿದಿರಬೇಕು.

## 2. ವೀಸಾ: 60 ದಿನದ ಗಡಿಗೆ ಮೊದಲೇ ಕೈಗೆ ಬರಲಿ

ನಿಯಮದ ಪ್ರಕಾರ ಷೆಂಗೆನ್ ವೀಸಾಕ್ಕೆ (ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಪ್ರವಾಸದ 6 ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. 15 ದಿನದ ತನಕ ಕಾಯುವ ಧೈರ್ಯ ಮಾಡಬೇಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಹಿಡಿಯಬಹುದು. ಬೇಸಿಗೆ ರಜೆಯ ಹೊತ್ತಿಗೆ ಅರ್ಜಿ ಕೊಡುವ ದಿನವೇ ಸಿಗುವುದು ಕಷ್ಟ. ನಾಲ್ಕು ತಿಂಗಳು ಮುಂಚೆ ಹಾಕಿದರೆ ನೆಮ್ಮದಿ. ವ್ಯಾಟಿಕನ್ ಟಿಕೆಟ್ ಕೊಳ್ಳುವ ಹೊತ್ತಿಗೆ ಪಾಸ್‌ಪೋರ್ಟ್ ಮನೆಗೆ ಬಂದಿರುತ್ತದೆ.

ಶುಲ್ಕ ವಯಸ್ಕರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾ ಶುಲ್ಕ ಬೇರೆ.

ಜನ ಎಡವುವ ಕಡೆಗಳು ಇವು:

ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗೆನ್ ದೇಶಗಳಿಂದ ಹೊರಡುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು. ಎರಡು ಖಾಲಿ ಪುಟ ಬೇಕು. ಮನೆಯವರೆಲ್ಲರ ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ. ಒಬ್ಬರದ್ದು ಸರಿ ಇಲ್ಲದಿದ್ದರೂ ಎಲ್ಲರ ಪ್ರವಾಸ ನಿಲ್ಲುತ್ತದೆ.

ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚಿಗೆ ಇರಬೇಕು, ಹೋಗುವ ದಿನದಿಂದ ಬರುವ ದಿನದವರೆಗೆ ಒಂದು ದಿನವೂ ಬಿಡದೆ.

ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ಹೀಗೆ ಸುತ್ತುವವರು ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಬೇಗ ಸಿಗುತ್ತದೆ ಎಂದು ಇನ್ನೊಂದು ದೇಶಕ್ಕೆ ಹಾಕಿದರೆ ತಿರಸ್ಕಾರವಾಗಬಹುದು.

ಅರ್ಜಿಗೆ ಮುಂಚೆ ಬ್ಯಾಂಕ್ ಖಾತೆಗೆ ಒಮ್ಮೆಲೇ ದೊಡ್ಡ ಮೊತ್ತ ತಂದು ಹಾಕಬೇಡಿ. ಅದು ಎಲ್ಲಿಂದ ಬಂತು ಎನ್ನುವ ಪ್ರಶ್ನೆ ಏಳುತ್ತದೆ. ವೀಸಾ ಬರುವವರೆಗೆ, ರದ್ದು ಮಾಡಿದರೆ ಹಣ ವಾಪಸ್ ಬರುವ ಹೋಟೆಲ್ ಬುಕಿಂಗ್ ಮಾತ್ರ ಮಾಡಿ.

## 3. ಮೂರು ಟಿಕೆಟ್‌ಗಳು: ಇಡೀ ಪ್ರವಾಸ ನಿಂತಿರುವುದು ಇವುಗಳ ಮೇಲೇ

ಕೂರುವ ಮುಂಚೆ ಬೇಕಾದದ್ದು. ಎಲ್ಲರ ಪಾಸ್‌ಪೋರ್ಟ್, ಎರಡು ಬೇರೆ ಬೇರೆ ಕಾರ್ಡ್, ಓಟಿಪಿ ಬರುವ ಫೋನ್. ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಮಾಡಿದ್ದೀರಾ ಎಂದು ಬ್ಯಾಂಕ್ ಆಪ್‌ನಲ್ಲಿ ಹಿಂದಿನ ದಿನವೇ ನೋಡಿ. ನಮ್ಮ ಕಾರ್ಡ್‌ಗಳಲ್ಲಿ ಅದು ಸಾಮಾನ್ಯವಾಗಿ ಆಫ್ ಆಗಿರುತ್ತದೆ. ನನ್ನ ತಂಗಿ ಬೆಳಗಿನ ಹೊತ್ತಿನ ಆರು ಟಿಕೆಟ್ ಹಿಡಿದು ಹಣ ಕಟ್ಟಲು ಹೋದಾಗ ಕಾರ್ಡ್ ನಡೆಯಲಿಲ್ಲ. ಆಪ್ ತೆರೆದು ಆನ್ ಮಾಡಿ ಬರುವಷ್ಟರಲ್ಲಿ ಪರದೆಯ ಮೇಲಿನ ಸಮಯ ಮುಗಿದಿತ್ತು. ಮತ್ತೆ ನೋಡಿದರೆ ಅವತ್ತಿಗೆ ಮಧ್ಯಾಹ್ನದ ಸುಡು ಬಿಸಿಲಿನ ಹೊತ್ತು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಹೆಸರು. ಕೊಲೋಸಿಯಂ ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರು ಇರುತ್ತದೆ, ಬಾಗಿಲಲ್ಲಿ ಗುರುತಿನ ದಾಖಲೆ ಜೊತೆ ತಾಳೆ ನೋಡುತ್ತಾರೆ. ನಮ್ಮ ಕಡೆ ಇದು ದೊಡ್ಡ ತಲೆನೋವು. ಮನೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಆ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಅಕ್ಷರಕ್ಕೆ ಅಕ್ಷರ ತುಂಬಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ, ವಿಮಾನದ ಟಿಕೆಟ್‌ನಲ್ಲಿ ಏನು ಹಾಕಿದ್ದೀರೋ ಅದನ್ನೇ ಇಲ್ಲೂ ಹಾಕಿ. ಎಲ್ಲ ಕಡೆ ಒಂದೇ ಇರಲಿ.

ಎಲ್ಲಿ ಕೊಳ್ಳಬೇಕು. ಆ ಜಾಗ ನಡೆಸುವವರ ಅಧಿಕೃತ ತಾಣದಲ್ಲೇ. ಹುಡುಕಿದಾಗ ಮೊದಲು ಕಾಣುವ ನಾಲ್ಕೈದು ಸಾಲು ಜಾಹೀರಾತುಗಳು. "ಕ್ಯೂ ಇಲ್ಲದೆ ಪ್ರವೇಶ" ಎಂದು ಬರೆದು ಎರಡು ಮೂರು ಪಟ್ಟು ಬೆಲೆ ಹಾಕಿರುತ್ತಾರೆ. ಗುರುತು ಹಿಡಿಯುವುದು ಸುಲಭ. ವ್ಯಾಟಿಕನ್‌ನ ಅಧಿಕೃತ ತಾಣದ ವಿಳಾಸ 'ಡಾಟ್ ವಿಎ' ಎಂದು ಮುಗಿಯುತ್ತದೆ. 'ಡಾಟ್ ಕಾಂ' ಎಂದಿದ್ದರೆ ಅದು ಬೇರೆಯವರದು. ಕೊಲೋಸಿಯಂನ ಅಧಿಕೃತ ತಾಣ ಇಟಲಿಯದು, 'ಡಾಟ್ ಐಟಿ' ಎಂದು ಮುಗಿಯುತ್ತದೆ.

ಬೆಲೆ. ಕೊಲೋಸಿಯಂ, ಅದರ ಪಕ್ಕದಲ್ಲೇ ಇರುವ ಹಳೆಯ ರೋಮ್‌ನ ಅವಶೇಷಗಳ ಜಾಗಗಳಾದ ಫೋರಮ್, ಪ್ಯಾಲಟೈನ್ ಬೆಟ್ಟ ಮೂರೂ ಸೇರಿದ ಮಾಮೂಲಿ ಟಿಕೆಟ್ 18 ಯೂರೊ, 24 ಗಂಟೆ ನಡೆಯುತ್ತದೆ. ವ್ಯಾಟಿಕನ್ ಮ್ಯೂಸಿಯಂ 20 ಯೂರೊ, ಮುಂಗಡ ಬುಕಿಂಗ್‌ಗೆ ಮೇಲೆ 5. ಬೆಲೆ ಏರುತ್ತಿರುತ್ತದೆ, ಅಧಿಕೃತ ತಾಣದಲ್ಲಿ ಅವತ್ತು ಕಾಣುವುದನ್ನೇ ನಂಬಿ. ಕೊಲೋಸಿಯಂಗೆ 18 ವರ್ಷದೊಳಗಿನವರಿಗೆ ಹಣವಿಲ್ಲ, ಆದರೆ ಟಿಕೆಟ್ ಬೇಕೇ ಬೇಕು. ಹಣವಿಲ್ಲ ಎಂದು ಮಕ್ಕಳ ಟಿಕೆಟ್ ತೆಗೆಯದೆ ಹೋದರೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಯಾವ ಹೊತ್ತು. ಕೊಲೋಸಿಯಂ ಬೆಳಿಗ್ಗೆ ಬಾಗಿಲು ತೆರೆದ ಮೊದಲ ಗಂಟೆಯೊಳಗೆ. ವ್ಯಾಟಿಕನ್ 10 ಗಂಟೆ, ಯಾಕೆ ಎಂದು 8ನೇ ಹಂತದಲ್ಲಿ ಹೇಳುತ್ತೇನೆ. ಬೊರ್ಗೇಸೆ ಮಧ್ಯಾಹ್ನ ಆದರೂ ಪರವಾಗಿಲ್ಲ, ಅದು ಕಟ್ಟಡದೊಳಗೆ ಇದೆ. ಇಟಲಿಯ ಗಡಿಯಾರ ನಮಗಿಂತ ಬೇಸಿಗೆಯಲ್ಲಿ 3 ಗಂಟೆ 30 ನಿಮಿಷ, ಚಳಿಗಾಲದಲ್ಲಿ 4 ಗಂಟೆ 30 ನಿಮಿಷ ಹಿಂದೆ. ಮಾರಾಟ ಶುರುವಾಗುವ ಹೊತ್ತನ್ನು ನಮ್ಮ ಸಮಯಕ್ಕೆ ಬದಲಿಸಿ ಅಲಾರಂ ಇಡಿ.

ಹಳೆಯ ರೋಮನ್ ದೇವಾಲಯ ಪ್ಯಾಂಥಿಯನ್‌ಗೂ 2023ರ ಜುಲೈನಿಂದ ಟಿಕೆಟ್ ಇದೆ, ಶುರುವಾದಾಗ 5 ಯೂರೊ ಇತ್ತು. ಹಳೆಯ ವಿಡಿಯೊ ನೋಡಿ ಉಚಿತ ಎಂದುಕೊಂಡು ಹೋಗುವವರು ಈಗಲೂ ಇದ್ದಾರೆ.

## 4. ಉಳಿಯುವ ಜಾಗ

ಟಿಕೆಟ್ ಗಂಟೆಗಳು ಗೊತ್ತಾದ ಮೇಲೆ ಹೋಟೆಲ್ ಖಚಿತ ಮಾಡಿ. ಮೊದಲ ಸಲ ಹೋಗುವವರಿಗೆ ಮೂರು ಪ್ರದೇಶ ಸಾಕು. ಕೊಲೋಸಿಯಂಗೆ ನಡೆದು ಹೋಗಬೇಕಾದರೆ ಮೋಂಟಿ. ವ್ಯಾಟಿಕನ್ ಹತ್ತಿರ ಬೇಕಾದರೆ ಪ್ರಾತಿ, ಅಗಲ ರಸ್ತೆ, ಸಮತಟ್ಟು ನೆಲ, ವಯಸ್ಸಾದವರಿಗೆ ಒಳ್ಳೆಯದು. ರೈಲು, ಮೆಟ್ರೊ ಎರಡೂ ಕಾಲಬುಡದಲ್ಲೇ ಇರಬೇಕಾದರೆ ತೆರ್ಮಿನಿ ನಿಲ್ದಾಣದ ಹತ್ತಿರ, ಆದರೆ ರಾತ್ರಿ ಹೊತ್ತು ಅಲ್ಲಿ ಸ್ವಲ್ಪ ಎಚ್ಚರ ಬೇಕು. ತ್ರಾಸ್ತೆವೆರೆ ಚೆಂದ, ಆದರೆ ಮೆಟ್ರೊ ಇಲ್ಲ, ರಾತ್ರಿ ಗದ್ದಲ ಜಾಸ್ತಿ.

ಬುಕ್ ಮಾಡುವ ಮುಂಚೆ ನಾಲ್ಕು ಪ್ರಶ್ನೆ ಬರೆದು ಕೇಳಿ. ಲಿಫ್ಟ್ ಇದೆಯಾ? ಅದು ಬೀದಿ ಮಟ್ಟದಿಂದಲೇ ಶುರುವಾಗುತ್ತದಾ? ಎಸಿ ಇದೆಯಾ? ನಾವು ಬರುವ ಹೊತ್ತಿಗೆ ಯಾರಾದರೂ ಇರುತ್ತಾರಾ? ಬಹಳ ವಸತಿಗಳು ಹಳೆಯ ಕಟ್ಟಡದ ಒಂದು ಮಹಡಿಯಲ್ಲಿ ಇರುತ್ತವೆ. ಹೊರಗೆ ಬೋರ್ಡ್ ಇರುವುದಿಲ್ಲ. ಬಾಗಿಲ ಪಕ್ಕ ಇಪ್ಪತ್ತು ಗುಂಡಿಗಳ ಹಿತ್ತಾಳೆ ಫಲಕ, ಅದರಲ್ಲಿ ಒಂದರ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರು. ಯಾವ ಗುಂಡಿ ಒತ್ತಬೇಕು ಎಂದು ಮುಂಚೆಯೇ ಕೇಳಿ ಇಟ್ಟುಕೊಳ್ಳಿ.

ಬುಕ್ ಮಾಡಿದ ಬೆಲೆಯ ಮೇಲೆ ನಗರ ತೆರಿಗೆ ಇದೆ, ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು ಎಂದು. ಹೋಟೆಲ್ ದರ್ಜೆ ಮೇಲೆ ಬದಲಾಗುತ್ತದೆ. ಸಾಮಾನ್ಯವಾಗಿ ಅಲ್ಲೇ ಕಟ್ಟಬೇಕು, ಇದು ಮೋಸವಲ್ಲ.

## 5. ಚೀಲ, ಚಪ್ಪಲಿ, ಹಣ

ರೋಮ್‌ನ ಹಳೆಯ ಬೀದಿಗಳಿಗೆ ಹಾಸಿರುವುದು ಮುಷ್ಟಿಗಿಂತ ದೊಡ್ಡ ಕಪ್ಪು ಕಲ್ಲುಗಳು. ನಡುವೆ ಸಂದು, ಮಳೆ ಬಂದರೆ ಜಾರು. ದಿನಕ್ಕೆ 12-15 ಕಿಲೋಮೀಟರ್ ನಡೆಯುವುದು ಸುಲಭವಾಗಿ ಆಗುತ್ತದೆ. ಹೊಸ ಶೂ ಬೇಡ, ಒಂದು ತಿಂಗಳು ಹಾಕಿ ಪಳಗಿದ ಶೂ ಬೇಕು. ಸಣ್ಣ ಚಕ್ರದ ದೊಡ್ಡ ಸೂಟ್‌ಕೇಸ್ ಈ ಕಲ್ಲಿನ ಮೇಲೆ ಉರುಳುವುದಿಲ್ಲ.

ಒಂದು ದುಪಟ್ಟಾ ಅಥವಾ ತೆಳು ಶಾಲು ಚೀಲದಲ್ಲಿ ಯಾವಾಗಲೂ ಇರಲಿ. ಚರ್ಚ್‌ಗಳಲ್ಲಿ ಹೆಗಲು, ಮಂಡಿ ಮುಚ್ಚಿರಬೇಕು, ಗಂಡಸರಿಗೂ ಇದೇ ನಿಯಮ. ಸೀರೆ, ಚೂಡಿದಾರ್ ಹಾಕುವವರಿಗೆ ಚಿಂತೆಯಿಲ್ಲ. ಬೇಸಿಗೆಯಲ್ಲಿ ಅರ್ಧ ಚಡ್ಡಿ ಹಾಕಿದ ಹುಡುಗರೇ ಬಾಗಿಲಲ್ಲಿ ವಾಪಸ್ ಬರುವುದು.

ಚಾರ್ಜರ್: ನಮ್ಮ ಮೊಬೈಲ್‌ಗಳ ತೆಳು ಎರಡು ಪಿನ್ ಪ್ಲಗ್ ಅಲ್ಲಿ ಹೊಂದುತ್ತದೆ. ಮೂರು ಪಿನ್ ಹೊಂದುವುದಿಲ್ಲ, ಅಡಾಪ್ಟರ್ ಬೇಕು.

ತಿಂಡಿ: ಅವಲಕ್ಕಿ, ಚಟ್ನಿಪುಡಿ, ಕೋಡುಬಳೆ ಒಯ್ಯಿರಿ. ತುಪ್ಪ, ಪೇಡಾ, ಪನೀರ್ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರಲು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಕರಿಬೇವಿನ ಸೊಪ್ಪನ್ನೂ ಬಿಟ್ಟು ಹೋಗಿ.

ಹಣ: ಒಂದು ಫಾರೆಕ್ಸ್ ಕಾರ್ಡ್, ಬೇರೆ ಕಡೆ ಇಟ್ಟ ಇನ್ನೊಂದು ಕಾರ್ಡ್, ಸ್ವಲ್ಪ ನಗದು ಯೂರೊ. ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಯೂರೊದಲ್ಲಾ" ಎಂದು ಕೇಳಿದರೆ ಯಾವಾಗಲೂ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಲೆಕ್ಕ ಹಾಕುತ್ತಾರೆ, ಸುಮ್ನೆ ನಷ್ಟ. ಓಟಿಪಿಗಾಗಿ ಇಲ್ಲಿನ ಸಿಮ್ ಫೋನ್‌ನಲ್ಲೇ ಇರಲಿ.

## 6. ಇಳಿದ ದಿನ

ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ದುಬೈ, ದೋಹಾ, ಅಬುಧಾಬಿಯಲ್ಲಿ ವಿಮಾನ ಬದಲಿಸಿ ಫ್ಯೂಮಿಚೀನೊ ನಿಲ್ದಾಣಕ್ಕೆ ಇಳಿಯುತ್ತಾರೆ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಯಲ್ಲಿ ಪ್ರಯಾಣಿಕರ ಮುಖದ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ. ಕ್ಯೂ ನಿಧಾನವಾದರೆ ಗಾಬರಿ ಬೇಡ. ಅದಕ್ಕೇ ಇಳಿದ ದಿನಕ್ಕೆ ಯಾವ ಟಿಕೆಟ್ಟೂ ಬುಕ್ ಮಾಡಬೇಡಿ.

ಊರೊಳಗೆ ಹೋಗಲು ಎರಡು ದಾರಿ. ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷದಲ್ಲಿ ಎಲ್ಲೂ ನಿಲ್ಲದೆ ತೆರ್ಮಿನಿ ಮುಟ್ಟುತ್ತದೆ, ಒಬ್ಬರಿಗೆ 14 ಯೂರೊ. ಬಿಳಿ ಬಣ್ಣದ ಅಧಿಕೃತ ಟ್ಯಾಕ್ಸಿಗೆ ಹಳೆಯ ಕೋಟೆಗೋಡೆಯೊಳಗಿನ ಯಾವ ವಿಳಾಸಕ್ಕಾದರೂ ನಿಗದಿತ ದರ 55 ಯೂರೊ. ಇದು ಇಡೀ ಕಾರಿಗೆ, ತಲೆಗಲ್ಲ. ನಾಲ್ಕು ಜನ ಇದ್ದರೆ ರೈಲಿಗೆ 56 ಆಯಿತು. ಟ್ಯಾಕ್ಸಿಯೇ ಮನೆಬಾಗಿಲಿಗೆ ಬಿಡುತ್ತದೆ.

ಎಚ್ಚರಿಕೆಯ ಗುರುತು: ಹೊರಬರುವ ಬಾಗಿಲಲ್ಲೇ ಯಾರಾದರೂ "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಹತ್ತಿರ ಬಂದರೆ ಅವರು ಅಧಿಕೃತ ಚಾಲಕರಲ್ಲ. ನಿಜವಾದ ಟ್ಯಾಕ್ಸಿಗಳು ಹೊರಗೆ ಸಾಲಿನಲ್ಲಿ ನಿಂತಿರುತ್ತವೆ. ಹತ್ತುವ ಮುಂಚೆ "55, ಅಲ್ವಾ?" ಎಂದು ಒಮ್ಮೆ ಕೇಳಿ.

ಸಂಜೆ ನವೋನಾ ಚೌಕ, ಪ್ಯಾಂಥಿಯನ್, ತ್ರೆವಿ ಕಾರಂಜಿ ಇಷ್ಟು ನಡೆದು ಬನ್ನಿ. ಎಲ್ಲ ಹತ್ತಿರ ಹತ್ತಿರ. ಸ್ಪ್ಯಾನಿಷ್ ಮೆಟ್ಟಿಲಿನ ಮೇಲೆ ಮಾತ್ರ ಕೂರಬೇಡಿ. 2019ರಿಂದ ಅಲ್ಲಿ ಕೂತರೆ 400 ಯೂರೊವರೆಗೆ ದಂಡ ಹಾಕಬಹುದು.

ಅವತ್ತೇ ಒಂದು ವಿದ್ಯೆ ಕಲಿತುಬಿಡಿ. ಊರಿನ ತುಂಬ ಆಳೆತ್ತರಕ್ಕಿಂತ ಚಿಕ್ಕ ಕಬ್ಬಿಣದ ನಲ್ಲಿಕಂಬಗಳು ಇವೆ, 2,000ಕ್ಕೂ ಹೆಚ್ಚು. ಡೊಂಕು ಕೊಳವೆ ಮೂಗಿನ ಹಾಗೆ ಕಾಣುವುದರಿಂದ ಜನ ಅವನ್ನು 'ನಾಸೋನೆ' ಅನ್ನುತ್ತಾರೆ, ದೊಡ್ಡ ಮೂಗು ಎಂದರ್ಥ. ಹಗಲು ರಾತ್ರಿ ಕುಡಿಯುವ ನೀರು ಹರಿಯುತ್ತಿರುತ್ತದೆ. ಬಗ್ಗಿ ಬಾಯಿ ಇಡಬೇಕಿಲ್ಲ. ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಬಿಲ್ಲಿನ ಹಾಗೆ ಚಿಮ್ಮುತ್ತದೆ. ನಮ್ಮಮ್ಮ ಮೊದಲು ಅನುಮಾನದಿಂದ ನೋಡಿದರು, ಬೊಗಸೆ ಒಡ್ಡಿದರು, ಒಂದು ಗುಟುಕು ಕುಡಿದು "ಮಲೆನಾಡಿನ ನೀರಿನಷ್ಟು ತಣ್ಣಗಿದೆ" ಅಂದರು. ಆಮೇಲೆ ಬಾಟಲಿ ನೀರು ಕೊಳ್ಳಲು ಬಿಡಲೇ ಇಲ್ಲ.

## 7. ಕೊಲೋಸಿಯಂ, ಪ್ಯಾಲಟೈನ್, ಫೋರಮ್: ಈ ಕ್ರಮದಲ್ಲೇ

1. ಟಿಕೆಟ್ ಹೊತ್ತಿಗೆ 20 ನಿಮಿಷ ಮುಂಚೆ ಹೋಗಿ. ಮೂಲ ಪಾಸ್‌ಪೋರ್ಟ್ ಒಳಜೇಬಿನಲ್ಲಿ ಇರಲಿ. ದೊಡ್ಡ ಬೆನ್ನುಚೀಲ, ಗಾಜಿನ ಬಾಟಲಿ ಬಿಡುವುದಿಲ್ಲ.

2. ಕೊಲೋಸಿಯಂ ಒಳಗೆ ಒಂದೂವರೆ ಗಂಟೆ ಸಾಕು. ಮೆಟ್ಟಿಲು ಕಡಿದು. ಮಂಡಿ ನೋವಿದ್ದವರು ಲಿಫ್ಟ್ ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ.

3. ಹೊರಬಂದು ನೇರ ಫೋರಮ್ ಬಾಗಿಲಿಗೆ ಹೋಗಬೇಡಿ, ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಸಾನ್ ಗ್ರೆಗೋರಿಯೊ ಬೀದಿಯಲ್ಲಿ ಐದು ನಿಮಿಷ ನಡೆದರೆ ಪ್ಯಾಲಟೈನ್ ಬೆಟ್ಟದ ಬಾಗಿಲಿದೆ, ಕ್ಯೂ ಕಡಿಮೆ. ಬಿಸಿಲು ಏರುವ ಮುಂಚೆ ಬೆಟ್ಟ ಹತ್ತಿ, ಮೇಲಿಂದ ಫೋರಮ್ ಇಡಿಯಾಗಿ ನೋಡಿ, ಆಮೇಲೆ ಇಳಿಯುತ್ತಾ ಅದರೊಳಗೆ ಬನ್ನಿ.

4. ಫೋರಮ್-ಪ್ಯಾಲಟೈನ್ ಒಳಗೆ ಒಂದೇ ಸಲ ಪ್ರವೇಶ. ಊಟ ಮಾಡಿ ವಾಪಸ್ ಬರೋಣ ಎಂದು ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ. ಒಳಗೆ ಹೋಗುವ ಮುಂಚೆ ನೀರು, ತಿಂಡಿ ಇದೆಯಾ ನೋಡಿಕೊಳ್ಳಿ.

5. ಮುಗಿಸಿ ಕ್ಯಾಪಿಟೊಲೈನ್ ಬೆಟ್ಟಕ್ಕೆ ಹತ್ತಿ. ಮೇಲಿನ ಚೌಕದ ಹಿಂದೆ ಹೋದರೆ ಫೋರಮ್ ಮತ್ತೊಮ್ಮೆ ಕಾಣುತ್ತದೆ, ಟಿಕೆಟ್ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಇಲ್ಲಿರುವುದು ನನಗೆ ಕೊಲೋಸಿಯಂ ಒಳಗಿಗಿಂತ ಹೆಚ್ಚು ಇಷ್ಟ.

ಹೊರಗೆ ಕತ್ತಿ ಹಿಡಿದ ರೋಮನ್ ಸೈನಿಕ ವೇಷದವರು ಇರಬಹುದು. ಫೋಟೊಗೆ ನಿಂತರೆ ಆಮೇಲೆ ಹಣಕ್ಕೆ ಪಟ್ಟು ಹಿಡಿಯುತ್ತಾರೆ.

## 8. ವ್ಯಾಟಿಕನ್: ಎರಡು ಜಾಗ, ಎರಡು ಕ್ಯೂ

ಇಲ್ಲಿ ಆಗುವ ತಪ್ಪು ಒಂದೇ. ಬಸಿಲಿಕಾ ಮತ್ತು ಮ್ಯೂಸಿಯಂ ಒಂದೇ ಬಾಗಿಲು ಎಂದುಕೊಳ್ಳುವುದು. ಬಸಿಲಿಕಾಕ್ಕೆ ಸಂತ ಪೀಟರ್ ಚೌಕದಿಂದ ಪ್ರವೇಶ, ಟಿಕೆಟ್ ಇಲ್ಲ, ಭದ್ರತಾ ತಪಾಸಣೆಯ ಕ್ಯೂ ಮಾತ್ರ. ಮ್ಯೂಸಿಯಂ ಬಾಗಿಲು ಇರುವುದು ಕೋಟೆಗೋಡೆಯನ್ನು ಬಳಸಿಕೊಂಡು ಹೋದರೆ ಸಿಗುವ ವ್ಯಾಟಿಕಾನೊ ರಸ್ತೆಯಲ್ಲಿ, 15-20 ನಿಮಿಷದ ನಡಿಗೆ. ಮೈಕೆಲ್ಯಾಂಜೆಲೊ ಛಾವಣಿಗೆ ಚಿತ್ರ ಬರೆದ ಸಿಸ್ಟೈನ್ ಚಾಪೆಲ್ ಮ್ಯೂಸಿಯಂ ಒಳಗಿದೆ, ಬಸಿಲಿಕಾ ಒಳಗಲ್ಲ.

ಹಾಗಾಗಿ ಹೀಗೆ ಮಾಡಿ. ಬೆಳಿಗ್ಗೆ 7ಕ್ಕೆ ಬಸಿಲಿಕಾ ತೆರೆಯುತ್ತದೆ, ಆ ಹೊತ್ತಿಗೆ ಚೌಕದಲ್ಲಿರಿ. ಕ್ಯೂ ಬಹಳ ಚಿಕ್ಕದಿರುತ್ತದೆ. 11 ಗಂಟೆಗೆ ಅದೇ ಕ್ಯೂ ಚೌಕದ ಅರ್ಧ ಸುತ್ತಿರುತ್ತದೆ. ಒಳಗೆ ಒಂದು ಗಂಟೆ. ಶಕ್ತಿ ಇದ್ದವರು ಗುಮ್ಮಟ ಹತ್ತಬಹುದು. ಒಟ್ಟು 551 ಮೆಟ್ಟಿಲು, ಲಿಫ್ಟ್ ಹಿಡಿದರೂ 320 ಉಳಿಯುತ್ತವೆ. ಕೊನೆಯ ಭಾಗ ಗುಮ್ಮಟದ ಇಳಿಜಾರಿಗೆ ತಕ್ಕಂತೆ ಓರೆಯಾಗಿ, ಇಕ್ಕಟ್ಟಾಗಿ ಹೋಗುತ್ತದೆ. ಉಸಿರಾಟದ ತೊಂದರೆ, ಹೃದಯದ ತೊಂದರೆ ಇದ್ದವರು ಹತ್ತಬೇಡಿ, ನಡುವೆ ವಾಪಸ್ ತಿರುಗಲು ಜಾಗವಿಲ್ಲ. ಆಮೇಲೆ ಕಾಫಿ ಕುಡಿದು ಗೋಡೆ ಬಳಸಿ ನಡೆದರೆ 10ರ ಮ್ಯೂಸಿಯಂ ಟಿಕೆಟ್‌ಗೆ ಸರಿಯಾಗುತ್ತದೆ.

ಮ್ಯೂಸಿಯಂ ಬಹಳ ಉದ್ದ. ಎಲ್ಲ ಕೋಣೆ ನೋಡುತ್ತೇವೆ ಎಂದು ಹೊರಟರೆ ಸಿಸ್ಟೈನ್ ಚಾಪೆಲ್ ಮುಟ್ಟುವ ಹೊತ್ತಿಗೆ ಕಾಲು ಸೋತಿರುತ್ತದೆ. ಒಳಗೆ ಹೋದ ಕೂಡಲೇ ಶೌಚಾಲಯ ಮುಗಿಸಿಕೊಳ್ಳಿ. ಚಾಪೆಲ್ ಒಳಗೆ ಫೋಟೊ ಇಲ್ಲ, ಮಾತಿಲ್ಲ. ಬಹಳ ಜನ ನಡುವೆ ನಿಂತು ಕತ್ತೆತ್ತಿ, ಎರಡು ನಿಮಿಷಕ್ಕೆ ಕತ್ತು ನೋವು ಬಂದು ಹೊರಡುತ್ತಾರೆ. ಗೋಡೆ ಪಕ್ಕ ಉದ್ದಕ್ಕೂ ಕಲ್ಲಿನ ಜಗಲಿ ಇದೆ. ಯಾರಾದರೂ ಏಳುವ ತನಕ ಹತ್ತಿರ ನಿಂತು ಕಾಯಿರಿ. ಕೂತು, ತಲೆಯನ್ನು ಗೋಡೆಗೆ ಆನಿಸಿ, ಛಾವಣಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡಿ. ಇಪ್ಪತ್ತು ನಿಮಿಷ ಹೀಗೆ ಕೂತರೆ ಮಾತ್ರ ಅದು ಕಣ್ಣಿಗೆ ಇಳಿಯುತ್ತದೆ.

ಎಚ್ಚರಿಕೆಯ ಗುರುತು: ಮೆಟ್ರೊದ ಒಟ್ಟಾವಿಯಾನೊ ನಿಲ್ದಾಣದಿಂದ ನಡೆಯುವಾಗ ಕತ್ತಿನಲ್ಲಿ ಬಿಲ್ಲೆ ತೂಗಿಸಿಕೊಂಡವರು "ಕ್ಯೂ ಮೂರು ಗಂಟೆ ಇದೆ, ನಿಮ್ಮ ಟಿಕೆಟ್ ಈ ಕಡೆ" ಎನ್ನುತ್ತಾರೆ. ಅವರು ಮಾರಾಟದವರು. ನಿಲ್ಲದೆ ಮುಂದೆ ನಡೆಯಿರಿ.

## 9. ಬೊರ್ಗೇಸೆ

ಬುಕಿಂಗ್ ಇಲ್ಲದೆ ಪ್ರವೇಶವಿಲ್ಲ. ಎರಡು ಗಂಟೆ ಅವಧಿ, ಮುಗಿದ ಮೇಲೆ ಹೊರಗೆ ಬರಬೇಕು. ತಡವಾದರೆ ಆ ಸಮಯ ನಿಮ್ಮದೇ ನಷ್ಟ. ಚೀಲ ಕೆಳಗೆ ಒಪ್ಪಿಸಬೇಕು, ಅದಕ್ಕೂ ಕ್ಯೂ ಇರುತ್ತದೆ, ಹಾಗಾಗಿ ಅರ್ಧ ಗಂಟೆ ಮುಂಚೆ ಹೋಗಿ. ಶಿಲ್ಪಿ ಬರ್ನೀನಿ ಕೆತ್ತಿದ ಶಿಲ್ಪಗಳ ಸುತ್ತ ಒಂದು ಪೂರ್ತಿ ಸುತ್ತು ಬನ್ನಿ. 'ಅಪೊಲೊ ಮತ್ತು ಡಾಫ್ನೆ'ಯಲ್ಲಿ ಮರವಾಗುತ್ತಿರುವ ಹುಡುಗಿಯ ಬೆರಳುಗಳು ಎಲೆಯಾಗುವುದು ಎಲ್ಲ ಕಡೆಯಿಂದ ಒಂದೇ ಥರ ಕಾಣುವುದಿಲ್ಲ.

## 10. ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ರೋಮ್‌ನಲ್ಲಿ ಸಸ್ಯಾಹಾರ ಸುಲಭವಾಗಿ ಸಿಗುತ್ತದೆ. ಆದರೆ ಹೆಸರು ನೋಡಿ ಮೋಸ ಹೋಗಬಾರದು. ಕಾರ್ಬೊನಾರಾ, ಅಮಾತ್ರಿಚಾನಾ, ಗ್ರಿಚಾ ಮೂರರಲ್ಲೂ ಹಂದಿ ಕೆನ್ನೆಯ ಮಾಂಸ ಇರುತ್ತದೆ. ಕುಂಬಳ ಜಾತಿಯ ಹೂವಿನ ಬೋಂಡಾ ನೋಡಿ ಖುಷಿಯಾಗಬೇಡಿ, ಒಳಗೆ ಚೀಸ್ ಜೊತೆ ಸಣ್ಣ ಉಪ್ಪುಮೀನು ತುಂಬಿರುತ್ತಾರೆ. ಅನ್ನದ ಉಂಡೆ 'ಸುಪ್ಲಿ'ಯಲ್ಲಿ ಬಹಳ ಕಡೆ ಮಾಂಸದ ಸಾರು ಇರುತ್ತದೆ. 'ಅಲೀಚಿ' ಅಥವಾ 'ಅಚ್ಚೂಗೆ' ಎಂದು ಕಂಡರೆ ಅದೇ ಉಪ್ಪುಮೀನು.

ನೆಮ್ಮದಿಯಿಂದ ತಿನ್ನಬಹುದಾದದ್ದು: ಮಾರ್ಗೆರಿತಾ ಪಿಜ್ಜಾ, ಟೊಮೆಟೊ-ಬೆಳ್ಳುಳ್ಳಿಯ ಮರಿನಾರಾ ಪಿಜ್ಜಾ, ಟೊಮೆಟೊ ಪಾಸ್ತಾ, ಚೀಸ್-ಕಾಳುಮೆಣಸಿನ ಕಾಚೊ ಎ ಪೆಪೆ. ಯಹೂದಿ ಕೇರಿಯಲ್ಲಿ ಇಡಿಯಾಗಿ ಕರಿದ ಪಲ್ಲೆಹೂವು (ಆರ್ಟಿಚೋಕ್) ಸಿಗುತ್ತದೆ, ಹೊರಗಿನ ಎಸಳು ನಮ್ಮ ಹಪ್ಪಳದಷ್ಟು ಗರಿಗರಿ. ಕಟ್ಟುನಿಟ್ಟಿನವರಿಗೆ ಒಂದು ಮಾತು: ಪೆಕೊರೀನೊ, ಪಾರ್ಮೆಸಾನ್ ಚೀಸ್ ಹೆಪ್ಪುಗಟ್ಟಿಸಲು ಕುರಿಮರಿ, ಕರುವಿನ ಹೊಟ್ಟೆಯಿಂದ ತೆಗೆದ ವಸ್ತು ಬಳಸುತ್ತಾರೆ. ಅದು ಆಗದವರು ಕಾಚೊ ಎ ಪೆಪೆ ಬಿಟ್ಟು ಮರಿನಾರಾ ತೆಗೆದುಕೊಳ್ಳಿ. ಹೇಳಬೇಕಾದ ಮಾತು: "ಸೆನ್ಝಾ ಕಾರ್ನೆ, ಸೆನ್ಝಾ ಪೆಶ್ಶೆ." ಮಾಂಸ ಬೇಡ, ಮೀನು ಬೇಡ. ಸುಮ್ಮನೆ 'ವೆಜಿಟೇರಿಯನ್' ಅಂದರೆ ಮೀನು ಬರಬಹುದು.

ಮಧ್ಯಾಹ್ನ ಸುಮಾರು 3ರ ಮೇಲೆ ಅಡುಗೆಮನೆ ಮುಚ್ಚಿದರೆ ರಾತ್ರಿ 7.30ರವರೆಗೆ ಬಹಳ ಹೋಟೆಲ್‌ಗಳು ತೆರೆಯುವುದಿಲ್ಲ. ಆಗ ಕೈಹಿಡಿಯುವುದು ತುಂಡು ಪಿಜ್ಜಾ ಅಂಗಡಿ. ಗಾಜಿನ ಹಿಂದೆ ಉದ್ದುದ್ದ ತಟ್ಟೆಗಳಲ್ಲಿ ಪಿಜ್ಜಾ ಇರುತ್ತದೆ. ಅಂಗಡಿಯಾಕೆ ಚಾಕು ಇಟ್ಟು "ಇಷ್ಟಾ?" ಎನ್ನುವಂತೆ ನೋಡುತ್ತಾಳೆ. ಕೈಸನ್ನೆಯಲ್ಲೇ ಜಾಸ್ತಿ, ಕಡಿಮೆ ಹೇಳಿ. ಕತ್ತರಿಸಿ, ತೂಗಿ, ಬಿಸಿ ಮಾಡಿ, ಮಡಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾಳೆ. ಬೆಲೆ ತೂಕಕ್ಕೆ.

ಕಾಫಿ ಅಂಗಡಿಯಲ್ಲಿ ನಿಂತು ಕುಡಿದರೆ ಒಂದು ದರ, ಕೂತರೆ ಇನ್ನೊಂದು, ಕೆಲವು ಚೌಕಗಳಲ್ಲಿ ಎರಡು ಮೂರು ಪಟ್ಟು. ಬಾಗಿಲಲ್ಲಿ ನಿಂತು ಒಳಗೆ ಕರೆಯುವವರು, ಬಣ್ಣದ ಫೋಟೊ ಹಾಕಿದ ದೊಡ್ಡ ಮೆನು ಇವೆರಡು ಕಂಡರೆ ಮುಂದಿನ ಬೀದಿಗೆ ಹೋಗಿ. ಐಸ್‌ಕ್ರೀಂ ಅಂಗಡಿಯಲ್ಲಿ ಪಿಸ್ತಾ ಗಾಢ ಹಸಿರಾಗಿದ್ದರೆ ಬಣ್ಣ ಹಾಕಿದ್ದಾರೆ ಎಂದರ್ಥ. ಒಳ್ಳೆಯದು ಮಂಕು ಹಸಿರು, ಸ್ವಲ್ಪ ಕಂದು.

## 11. ಬಸ್ಸು, ಮೆಟ್ರೊ, ಜೇಬುಗಳ್ಳರು

ಒಂದು ಸಲದ ಟಿಕೆಟ್ 1.50 ಯೂರೊ, 100 ನಿಮಿಷ ನಡೆಯುತ್ತದೆ, ಅದರಲ್ಲಿ ಮೆಟ್ರೊ ಒಂದೇ ಪ್ರಯಾಣ. ಮೆಟ್ರೊ ಗೇಟಿನಲ್ಲಿ, ಬಸ್ಸಿನಲ್ಲಿ ಕಾರ್ಡ್ ತಾಗಿಸಿದರೆ ಸಾಕು. ಆದರೆ ಒಂದು ಕಾರ್ಡ್ ಒಬ್ಬರಿಗೇ. ಒಂದೇ ಕಾರ್ಡ್ ನಾಲ್ಕು ಸಲ ತಾಗಿಸಿ ನಾಲ್ಕು ಜನ ಹತ್ತಿದರೆ, ತಪಾಸಣೆಯವರು ಬಂದಾಗ ಮೂವರಿಗೆ ಟಿಕೆಟ್ ಇರುವುದಿಲ್ಲ. ಕಾರ್ಡ್ ಇಲ್ಲದವರಿಗೆ ಕಾಗದದ ಟಿಕೆಟ್ ಕೊಂಡು, ಹತ್ತಿದ ಕೂಡಲೇ ಯಂತ್ರದಲ್ಲಿ ಮುದ್ರೆ ಹಾಕಿಸಿ.

ತೆರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸು ಜೇಬುಗಳ್ಳತನಕ್ಕೆ ಹೆಸರುವಾಸಿ. ಮೆಟ್ರೊ ಎ ಮಾರ್ಗವೂ ಹಾಗೆಯೇ. ಗುರುತುಗಳು: ಬಾಗಿಲು ಮುಚ್ಚುವ ಗಳಿಗೆಯಲ್ಲಿ ಗುಂಪಾಗಿ ನುಗ್ಗುವವರು, ಜಾಗವಿದ್ದರೂ ಮೈಗೆ ತಾಗಿ ನಿಲ್ಲುವವರು, ಕೈಗೆ ದಾರ ಕಟ್ಟಲು ಅಥವಾ ಗುಲಾಬಿ ಕೊಡಲು ಬರುವವರು, ಸಹಿ ಕೇಳುವ ಕಾಗದ ಹಿಡಿದವರು. ಹಿಂದಿನ ಜೇಬಿನಲ್ಲಿ ಏನೂ ಬೇಡ. ಚೀಲ ಮುಂದೆ. ಹೆಂಗಸರು ಚಿನ್ನದ ಸರ ಮನೆಯಲ್ಲೇ ಬಿಟ್ಟು ಬನ್ನಿ.

## 12. ಪಾಸ್‌ಪೋರ್ಟ್ ಕಳೆದರೆ

ಗಾಬರಿಯಾಗದೆ ಇದೇ ಕ್ರಮದಲ್ಲಿ ಮಾಡಿ. ಜೊತೆಗೆ ಕಾರ್ಡೂ ಹೋಗಿದ್ದರೆ ಮೊದಲು ಬ್ಯಾಂಕ್ ಆಪ್‌ನಲ್ಲಿ ಅದನ್ನು ಬ್ಲಾಕ್ ಮಾಡಿ. ಎರಡನೆಯದು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು ಪ್ರತಿ ತೆಗೆದುಕೊಳ್ಳಿ, ಅಲ್ಲಿ ಅದನ್ನು 'ದೆನುಂಚಾ' ಅನ್ನುತ್ತಾರೆ. ಮೂರನೆಯದು ಆ ಪ್ರತಿ, ಪಾಸ್‌ಪೋರ್ಟ್ ನಕಲು, ಫೋಟೊ ಹಿಡಿದು ಭಾರತದ ರಾಯಭಾರ ಕಚೇರಿಗೆ. ಅದು ವೆಂತಿ ಸೆತ್ತೆಂಬ್ರೆ ಬೀದಿಯ 5ನೇ ನಂಬರ್ ಕಟ್ಟಡ. ದೂರಿನ ಪ್ರತಿ ಇಲ್ಲದೆ ಮುಂದಿನ ಕೆಲಸವೂ ಆಗುವುದಿಲ್ಲ, ವಿಮೆ ಹಣವೂ ಬರುವುದಿಲ್ಲ. ಪಾಸ್‌ಪೋರ್ಟ್, ವೀಸಾ ಪುಟಗಳ ಫೋಟೊವನ್ನು ಊರಲ್ಲಿರುವ ಒಬ್ಬರಿಗೆ ಹೊರಡುವ ಮುಂಚೆಯೇ ಕಳಿಸಿಡಿ. ತುರ್ತಿಗೆ ಎಲ್ಲದಕ್ಕೂ ನಂಬರ್ 112.

## 13. ಹೊರಡುವ ದಿನ

ಹಿಂದಿನ ರಾತ್ರಿ ಹೋಟೆಲಿನವರನ್ನು "ನಾಳೆ ಮುಷ್ಕರ ಇದೆಯಾ?" ಎಂದು ಕೇಳಿ, 'ಶೋಪೆರೊ' ಎಂದರೆ ಅವರಿಗೆ ಅರ್ಥವಾಗುತ್ತದೆ. ರೈಲು, ಬಸ್ ಮುಷ್ಕರ ಅಲ್ಲಿ ಆಗಾಗ ಆಗುತ್ತದೆ, ಮುಂಚೆಯೇ ಪ್ರಕಟಿಸಿರುತ್ತಾರೆ. ಇದ್ದರೆ ಟ್ಯಾಕ್ಸಿಗೆ ಆಗಲೇ ಹೇಳಿಡಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಿ.

ಒಂದೇ ಅಂಗಡಿಯಲ್ಲಿ 70 ಯೂರೊಗಿಂತ ಜಾಸ್ತಿ ಖರೀದಿ ಮಾಡಿದ್ದರೆ ತೆರಿಗೆಯ ಒಂದು ಭಾಗ ವಾಪಸ್ ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ಅದರ ಫಾರಂ ಕೇಳಿ ಪಡೆದಿರಬೇಕು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ಸಾಮಾನು ತೋರಿಸಿ ಎನ್ನಬಹುದು. ಆದ್ದರಿಂದ ಮೊದಲು ಫಾರಂಗೆ ಒಪ್ಪಿಗೆ ಮಾಡಿಸಿ, ಆಮೇಲೆ ಸೂಟ್‌ಕೇಸ್ ಕೌಂಟರಿಗೆ ಕೊಡಿ. ಸೂಟ್‌ಕೇಸ್ ಒಳಗೆ ಹೋದ ಮೇಲೆ ಹೋದರೆ ಬರಿಗೈಯಲ್ಲಿ ವಾಪಸ್ ಬರಬೇಕು.